ಪುರಿಯ ಮುಡಿ

ಭಾನುವಾರ ಬೆಳಿಗ್ಗೆ ನಮ್ಮ ಲಗ್ಗೆರೆಯ ಗಲ್ಲಿಗೆ ಕೂದಲು ಕೊಳ್ಳುವವನು ಬರುತ್ತಾನೆ. ಮೊದಲೆಲ್ಲ ಬಾಯಲ್ಲೇ ಕೂಗುತ್ತಿದ್ದ, ಈಗ ಮೊಪೆಡ್ಡಿಗೆ ಮೈಕು ಕಟ್ಟಿಕೊಂಡಿದ್ದಾನೆ. ಉದುರಿದ ಕೂದಲು, ಬಾಚಿದ ಕೂದಲು, ಸಿಕ್ಕು ಕೂದಲು ಎಂದು ಅದು ಒಂದೇ ಸಮನೆ ಒದರುತ್ತದೆ. ಕೊಟ್ಟರೆ ಸ್ಟೀಲಿನ ಲೋಟವೋ ಡಬ್ಬಿಯೋ ಸಿಗುತ್ತದೆ. ಗಲ್ಲಿಯ ಹೆಂಗಸರೆಲ್ಲ ಬಾಚಣಿಗೆಗೆ ಬಂದದ್ದನ್ನು ಉಂಡೆ ಸುತ್ತಿ ಕಿಟಕಿ ಸಂದಿಗೆ ಸಿಕ್ಕಿಸಿಟ್ಟು ಅವನ ದಾರಿ ಕಾಯುತ್ತಾರೆ. ನಮ್ಮ ಮನೆಯ ಸಾಸಿವೆ, ಜೀರಿಗೆ ಕೂತಿರುವುದು ಅತ್ತೆಯ ತಲೆಕೂದಲಿಗೆ ಬಂದ ಡಬ್ಬಿಗಳಲ್ಲೇ. ನಾನು ಮಾತ್ರ ಕೊಡುವುದಿಲ್ಲ. ಇವಳ ತಲೆಯಲ್ಲೇನು ರೇಷ್ಮೆ ಬೆಳೆಯುತ್ತಾ ಎಂದು ಅತ್ತೆ ಕುಟುಕುತ್ತಾರೆ. ಕುಟುಕಲಿ. ಸಿಕ್ಕು ಕೂದಲು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಾನು ಕೆಲಸ ಕಲಿತ ಆ ಮಳೆಗಾಲ, ಹೊಸಹಳ್ಳಿಯ ಆ ಜಗಲಿ, ಒದ್ದೆ ನಾಯಿಯ ವಾಸನೆ ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಅದಕ್ಕೆ ಮುಂಚೆ ನಾನು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದೆ. ಬೇಸಿಗೆಯಲ್ಲಿ ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಫ್ಯಾಕ್ಟರಿಯನ್ನು ಬೇರೆ ಊರಿಗೆ ಸಾಗಿಸಿದ್ದಾರಂತೆ, ನಮಗೆ ಹೇಳುವ ಪುರುಸೊತ್ತು ಅವರಿಗೆ ಇರಲಿಲ್ಲವಂತೆ. ಬಸವೇಶ್ವರನಗರದ ಒಂದು ನಾಯಿ ಪಾರ್ಲರಿನಲ್ಲಿ ಹೆಂಗಸು ಬೇಕಾಗಿದ್ದಾಳೆ ಎಂದು ಪಕ್ಕದ ಮನೆಯವಳು ಹೇಳಿದಳು. ನಾಯಿ ತೊಳೆಯುವ ಕೆಲಸವಾ ಎಂದು ಅತ್ತೆ ಮೂಗು ಮುರಿದರು. ಸಂಜೆ ಬಂದರೆ ಹೊರಗಿನ ಬಚ್ಚಲಲ್ಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು ಎಂದು ಕಾನೂನು ಮಾಡಿದರು. ಮನುಷ್ಯರ ಕಾಲರ್ ಹೊಲಿದು ಯಾವ ಕಿರೀಟ ಬಂತು ಅತ್ತೆ ಎಂದೆ. ನನ್ನ ಬಾಯಿ ಹಾಗೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ನಮ್ಮವ್ವ ಸಾಯುವವರೆಗೂ ಹೇಳುತ್ತಿದ್ದಳು, ನನಗೆ ಹತ್ತಲಿಲ್ಲ.

ಪಾರ್ಲರಿನಲ್ಲಿ ಕೆಲಸ ಕಲಿಸಿದ್ದು ಶಫಿ ಅಣ್ಣ. ನಾಯಂಡಹಳ್ಳಿಯವರು, ಮನುಷ್ಯರ ಕಟಿಂಗ್ ಶಾಪ್ ಬಿಟ್ಟು ನಾಯಿಗಳ ಕಡೆ ಬಂದವರು. ಮನುಷ್ಯ ಕಟಿಂಗ್ ಆದಮೇಲೆ ಕನ್ನಡಿ ನೋಡಿ ಜಗಳ ತೆಗೆಯುತ್ತಾನೆ, ನಾಯಿ ತೆಗೆಯುವುದಿಲ್ಲ ಎನ್ನುತ್ತಿದ್ದರು. ಸಿಡುಕ. ಮೊದಲ ದಿನಗಳಲ್ಲಿ ನನಗೆ ನಾಯಿ ಹಿಡಿದುಕೊಳ್ಳುವುದೊಂದೇ ಕೆಲಸ. ಆಮೇಲೆ ಸ್ನಾನ, ಉಗುರು, ಕಿವಿ. ಮೆಷಿನ್ನು ಕೈಗೆ ಕೊಟ್ಟಾಗ ಮೊದಲು ಹೇಳಿದ್ದು ಬ್ಲೇಡಿನ ನಂಬರು. ಮನುಷ್ಯರ ಮೆಷಿನ್ನಿನಲ್ಲಿ ನಂಬರು ಏರಿದಂತೆ ಕೂದಲು ಉದ್ದ ಉಳಿಯುತ್ತದೆ, ನಾಯಿ ಮೆಷಿನ್ನಿನಲ್ಲಿ ಉಲ್ಟಾ. ನಾಲ್ಕು ಹಾಕಿದರೆ ಬೆರಳಿಗೆ ಸಿಗುವಷ್ಟು ಉಳಿಯುತ್ತದೆ, ಹತ್ತು ಹಾಕಿದರೆ ಮಖಮಲ್ಲಿನಷ್ಟು, ಮೂವತ್ತು ಹಾಕಿದರೆ ಬರೀ ನೆರಳು. ನಲವತ್ತು ಆಪರೇಷನ್ನಿಗೆ, ಏನೂ ಉಳಿಯುವುದಿಲ್ಲ. ಬ್ಲೇಡು ಓಡುತ್ತಾ ಓಡುತ್ತಾ ಕಾಯುತ್ತದೆ, ಮಗುವಿನ ಹಾಲು ನೋಡುವ ಹಾಗೆ ಆಗಾಗ ಮುಂಗೈಗೆ ತಾಗಿಸಿ ನೋಡಬೇಕು. ಇನ್ನೊಂದು ಮಾತನ್ನು ಶಫಿ ಅಣ್ಣ ದಿನಾ ಹೇಳುತ್ತಿದ್ದರು. ಕೂದಲು ಸಿಕ್ಕುಗಟ್ಟಿದ ಕಡೆ ಕತ್ತರಿ ಹಾಕಬೇಡ, ಸಿಕ್ಕು ಚರ್ಮವನ್ನೂ ಒಳಗೆ ಎಳೆದುಕೊಂಡಿರುತ್ತದೆ, ನೀನು ಕೂದಲು ಅಂದುಕೊಂಡು ಚರ್ಮ ಕತ್ತರಿಸುತ್ತೀಯ.

ಮುಂಗಾರು ಹಿಡಿದ ವಾರ ಜಯಮ್ಮ ಆಂಟಿ ಬಂದರು. ತಲೆ ತುಂಬ ಸೆರಗು ಹೊದ್ದು, ಕಂಕುಳಲ್ಲಿ ಒಂದು ಬಿಳಿ ಬಣ್ಣದ ನಾಯಿ. ಮಗಳು ಕಡ್ಲೆಪುರಿ ತಿನ್ನುವಾಗ ಮಡಿಲಿಗೆ ಬಂದು ಕೂತ ಮರಿಯಂತೆ, ಅದಕ್ಕೇ ಪುರಿ ಎಂದು ಹೆಸರು. ಉದ್ದ ರೋಮದ ಸಣ್ಣ ಜಾತಿ, ತಿಂಗಳಿಗೊಮ್ಮೆಯಾದರೂ ಕೂದಲು ತೆಗೆಯಲೇಬೇಕು. ಇದರದ್ದು ಚಳಿಗಾಲದಿಂದ ಯಾರೂ ಮುಟ್ಟಿದಂತಿರಲಿಲ್ಲ. ಕಿವಿಯ ಹಿಂದೆ, ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಂಟುಗಂಟಾಗಿತ್ತು. ಸ್ನಾನ ಮಾಡಿಸಿ, ಉಗುರು ತೆಗೆಯಿರಿ, ಕೂದಲಿಗೆ ಮಾತ್ರ ಏನೂ ತಾಗಿಸಬೇಡಿ, ಮುಡಿ ಬಿಟ್ಟಿದ್ದೇನೆ ಎಂದರು ಆಂಟಿ.

ನಾಯಿಗೆ ಮುಡಿ! ನನಗೆ ಮೈ ಉರಿಯಿತು. ಶಫಿ ಅಣ್ಣ ಕಣ್ಣಲ್ಲೇ ಬೇಡ ಅನ್ನುತ್ತಿದ್ದರೂ ಬಾಯಿ ನಿಲ್ಲಲಿಲ್ಲ.

“ಹರಕೆ ಹೊತ್ತವರು ನಿಮ್ಮ ತಲೆಕೂದ್ಲು ಕೊಡಿ ಆಂಟಿ. ಮೂಕಪ್ರಾಣಿ ಮೇಲೆ ಯಾಕೆ ಹಾಕ್ತೀರಾ?”

ಆಂಟಿ ಸಿಟ್ಟಾಗಲಿಲ್ಲ. ಸೆರಗು ಹಿಂದಕ್ಕೆ ಸರಿಸಿದರು. ನುಣ್ಣಗೆ ಬೋಳಿಸಿದ ತಲೆ, ಈಗಷ್ಟೇ ಬೂದುಬೂದಾಗಿ ಚಿಗುರುತ್ತಿತ್ತು.

“ನಂದು ಕೊಟ್ಟಾಯ್ತು ಕಣಮ್ಮ. ನನ್ ಮಗಳದ್ದು ಔಷ್ದಿ ತಿಂದ್ಕೊಳ್ತು. ಮನೇಲಿ ಕೂದ್ಲು ಅಂತ ಉಳ್ದಿರೋದು ಇದಕ್ಕೊಂದಕ್ಕೇಯ.”

ಆಮೇಲೆ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದರು. ಅವರದು ಹೊಸಹಳ್ಳಿ ಹಳ್ಳಿಯಾಗಿದ್ದಾಗಿನ ಮನೆತನ. ಗಂಡ ಹೋಗಿ ಬಹಳ ಕಾಲವಾಗಿದೆ, ಇರುವವಳು ಮಗಳು ನಿತ್ಯಾ ಒಬ್ಬಳೇ, ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ವರ್ಷವೇ ರಕ್ತದ ಕ್ಯಾನ್ಸರ್ ಬಂತು. ಸೊಂಟದವರೆಗಿದ್ದ ಕೂದಲು ಒಂದೇ ತಿಂಗಳಲ್ಲಿ ದಿಂಬಿನ ಮೇಲೆ ಉದುರಿತು. ಮನೆದೇವರು ಭೈರವ. ನಾಯಿ ಅವನ ವಾಹನ. ಮಗಳ ತಲೆಗೆ ಮತ್ತೆ ಕ್ಲಿಪ್ಪು ಹಾಕುವಷ್ಟು ಕೂದಲು ಬಂದ ದಿನ ಪುರಿಯ ಮುಡಿಯನ್ನು ಅವನ ಬೆಟ್ಟಕ್ಕೆ ಹೋಗಿ ಒಪ್ಪಿಸುತ್ತೇನೆ, ಅಲ್ಲಿಯವರೆಗೆ ಇದರ ಒಂದು ಎಳೆಗೂ ಕಬ್ಬಿಣ ಸೋಕಿಸುವುದಿಲ್ಲ ಎಂದು ಬೇಡಿಕೊಂಡಿದ್ದಾರೆ. ಅವನ ಪ್ರಾಣಿಯನ್ನು ನಾನು ಕಾಯುತ್ತೇನೆ, ನನ್ನದನ್ನು ಅವನು ಕಾಯಲಿ ಎಂದರು.

ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಶಫಿ ಅಣ್ಣ ಪುರಿಯ ಕಿವಿಯ ಹಿಂದಿನ ಗಂಟು ಒತ್ತಿ ನೋಡಿ, ಮನ್ನತ್ ಅಂದರೆ ಮನ್ನತ್, ಹರಕೆ ನಮ್ಮಲ್ಲೂ ಇದೆ ಎಂದರು. ಆದರೆ ಹೀಗೇ ಬಿಟ್ಟರೆ ಮಳೆಗೆ ಗಂಟು ಬಿಗಿದು ಚರ್ಮ ಕೊಳೆಯುತ್ತದೆ. ಕತ್ತರಿಸದೆ ಉಳಿಸುವ ದಾರಿ ಒಂದೇ, ಯಾರಾದರೂ ವಾರವಾರ ಕೂತು ಬೆರಳಲ್ಲೇ ಸಿಕ್ಕು ಬಿಡಿಸಬೇಕು. ನನ್ನ ಕಡೆ ತಿರುಗಿದರು. “ಬಾಯಿ ಬಿಟ್ಟೋಳು ನೀನು. ನೀನೇ ಹೋಗು.”

ಹಾಗೆ ನಾನು ಕೂದಲು ಕತ್ತರಿಸುವುದನ್ನು ಕಲಿಯಲು ಹೋಗಿ ಕತ್ತರಿಸದೇ ಇರುವುದನ್ನು ಕಲಿತೆ. ಪಾರ್ಲರಿಗೆ ರಜೆ ಇದ್ದ ಮಂಗಳವಾರ ಹೊಸಹಳ್ಳಿಗೆ ಹೋಗುತ್ತಿದ್ದೆ. ಸುತ್ತ ಬಾಡಿಗೆಯ ಮಹಡಿಗಳು ಎದ್ದಿದ್ದರೂ ಕೆಳಗಿನ ಹಳೇ ಮನೆಯ ಕೆಂಪು ಗಾರೆಯ ಜಗಲಿ ಹಾಗೇ ಇತ್ತು. ಜಗಲಿಗೆ ತೆರೆದುಕೊಂಡಂತೆ ನಿತ್ಯಾಳ ಕೋಣೆಯ ಕಿಟಕಿ. ನಾಯಿ ಅವಳ ಹತ್ತಿರ ಸುಳಿಯಕೂಡದು ಎಂದು ಡಾಕ್ಟರು ಹೇಳಿದಾಗಿನಿಂದ ಪುರಿಗೆ ಜಗಲಿಯೇ ಗತಿ. ಅದಕ್ಕೆ ಮುಂಚೆ ಅವಳ ದಿಂಬಿನ ಮೇಲೇ ತಲೆಯಿಟ್ಟು ಮಲಗುತ್ತಿತ್ತಂತೆ. ಈಗ ಕಿಟಕಿಯ ಕೆಳಗೆ ಕೂತು ಸರಳುಗಳನ್ನೇ ನೋಡುತ್ತಿತ್ತು. ನಾನು ಕಂಬಕ್ಕೆ ಒರಗಿ ಅದನ್ನು ಕಾಲ ಮೇಲೆ ಹಾಕಿಕೊಂಡು, ಗಂಟಿನ ಮೇಲೆ ಕಾರ್ನ್‌ಫ್ಲೋರ್ ಉದುರಿಸಿ, ಬೆರಳಿಂದ ಎಳೆ ಎಳೆಯಾಗಿ ಬಿಡಿಸುತ್ತಿದ್ದೆ. ಗಂಟಿನ ಬುಡವನ್ನು ಎಡಗೈಯಲ್ಲಿ ಹಿಡಿದರೆ ಚರ್ಮಕ್ಕೆ ನೋವಾಗುವುದಿಲ್ಲ. ತುದಿಯಿಂದ ಶುರು ಮಾಡಬೇಕು, ಬುಡದಿಂದ ಅಲ್ಲ. ಇದನ್ನು ಯಾರೂ ಹೇಳಿಕೊಡಲಿಲ್ಲ, ಪುರಿಯೇ ಕಚ್ಚಿ ಕಚ್ಚಿ ಕಲಿಸಿತು. ಕುತ್ತಿಗೆಯ ಗಂಟಿಗೆ ಮಾತ್ರ ಅದು ನನ್ನನ್ನು ಸೇರಿಸುತ್ತಲೇ ಇರಲಿಲ್ಲ.

ನಿತ್ಯಾ ಕಿಟಕಿಯ ಒಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಮುಖದಲ್ಲಿ ಹುಬ್ಬು ಕೂಡ ಇರಲಿಲ್ಲ, ಆದರೆ ನಾಲಿಗೆ ನನ್ನದಕ್ಕಿಂತ ಚುರುಕು. ಗೋಡೆಯ ಮೇಲೆ ಅವಳ ಹಿಂದಿನ ದಸರೆಯ ಫೋಟೋ ಇತ್ತು, ಉದ್ದ ಕೂದಲಿನ ತುದಿಗೆ ಕೆಂಪು ಬಣ್ಣ ಹಾಕಿಸಿಕೊಂಡಿದ್ದಳು. ಅಮ್ಮ ಮೂರು ದಿನ ಮಾತು ಬಿಟ್ಟಿದ್ದರು, ಈಗ ಆ ಕೆಂಪು ಕೂದಲನ್ನೇ ವಾಪಸು ಕೊಡು ಅಂತ ದೇವರನ್ನು ಕಾಡುತ್ತಿದ್ದಾರೆ ಎಂದು ಅಣಕಿಸುತ್ತಿದ್ದಳು. ಒಂದು ದಿನ ಬ್ಲೇಡಿನ ನಂಬರುಗಳ ವಿಷಯ ಹೇಳಿದೆ. ತಲೆಯ ಸ್ಕಾರ್ಫ್ ತೆಗೆದು, ಹಾಗಾದರೆ ನನ್ನದು ಎಷ್ಟು ನಂಬರು ರೇಣುಕಕ್ಕ ಎಂದು ಕೇಳಿದಳು. ನಲವತ್ತು ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಒಳಗಿಂದ ಆಂಟಿ ಓಡಿಬಂದರು, ಆ ಮನೆಯಲ್ಲಿ ನಗು ಕೇಳಿ ಅಷ್ಟು ದಿನವಾಗಿತ್ತು.

ಆಷಾಢದ ಹೊತ್ತಿಗೆ ಒಂದು ಸುತ್ತು ಔಷಧಿ ಮುಗಿಯಿತು. ಅಲ್ಲಿಂದ ಪ್ರತಿ ಮಂಗಳವಾರ ಅದೇ ಆಟ. ನಾನು ಡೆಟಾಲಿನಲ್ಲಿ ಕೈ ತೊಳೆದುಕೊಳ್ಳಬೇಕು, ಅವಳು ಸರಳಿಗೆ ತಲೆ ತಂದು ಆನಿಸಬೇಕು, ನಾನು ಒಂದು ಬೆರಳು ಒಳಗೆ ತೂರಿಸಿ ಮುಟ್ಟಿ ನಂಬರು ಹೇಳಬೇಕು. ಶ್ರಾವಣದಲ್ಲಿ ಮೂವತ್ತಕ್ಕೆ ಬಂತು. ಗೌರಿಹಬ್ಬಕ್ಕೆ ಹತ್ತು. ಮಖಮಲ್ಲು ಬಂತು ಕಣೇ ಎಂದಾಗ ಆಂಟಿ ಬಾಗಿಲಲ್ಲಿ ನಿಂತು ಕೈ ಮುಗಿದುಕೊಂಡರು. ನಂಬರು ಇಳಿದಷ್ಟೂ ಒಳ್ಳೆಯದು ಎಂಬುದು ಅವರಿಗೂ ತಿಳಿದುಹೋಗಿತ್ತು. ದಸರಾ ಹೊತ್ತಿಗೆ ಏಳು. ನಾಲ್ಕಕ್ಕೆ ಬಂದ ಮೇಲೆ ಕ್ಲಿಪ್ಪು ದೂರವಿಲ್ಲ ಎಂದು ಲೆಕ್ಕ ಹಾಕಿದೆವು. ಆಂಟಿ ಪೇಟೆಗೆ ಹೋಗಿ ಸಣ್ಣದೊಂದು ಚಿಟ್ಟೆ ಕ್ಲಿಪ್ಪು ತಂದು ದೇವರ ಮುಂದೆ ಇಟ್ಟರು. ಅಷ್ಟು ದಿನ ದೇವರಿಗೂ ನನಗೂ ಅಷ್ಟಕ್ಕಷ್ಟೇ, ಆ ತಿಂಗಳು ನಾನೂ ಬಸ್ಸಿನಲ್ಲಿ ಹೋಗುವಾಗ ಗುಡಿ ಕಂಡರೆ ಎದೆ ಮುಟ್ಟಿಕೊಳ್ಳುತ್ತಿದ್ದೆ.

ಹಬ್ಬ ಕಳೆದ ವಾರ ಹೋದರೆ ಕಿಟಕಿ ಮುಚ್ಚಿತ್ತು. ಜ್ವರ ಬಂದು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿದ್ದರು. ರೋಗ ತಿರುಗಿ ಬಂದಿತ್ತು. ಹೊಸ ಔಷಧಿ, ಹಿಂದಿನದಕ್ಕಿಂತ ಖಾರವಾದದ್ದು.

ಆ ವರ್ಷ ಹಿಂಗಾರು ಬಿಡದೆ ಹೊಡೆಯಿತು. ಆಂಟಿ ಆಸ್ಪತ್ರೆಯಲ್ಲಿ, ಮಹಡಿಯ ಬಾಡಿಗೆಯವರು ಪುರಿಗೆ ಅನ್ನ ಹಾಕುತ್ತಿದ್ದರು, ಅಷ್ಟೇ. ಅದು ಜಗಲಿ ಬಿಟ್ಟು ಗೇಟಿನ ಹತ್ತಿರ ಹೋಗಿ ಮಳೆಯಲ್ಲೇ ಕೂತಿರುತ್ತಿತ್ತು. ಕರೆದರೆ ಬಾರದು. ನಾನು ನಾಲ್ಕು ತಿಂಗಳು ಕೂತು ಬಿಡಿಸಿದ್ದೆಲ್ಲ ಎರಡೇ ವಾರಕ್ಕೆ ನೀರು ಕುಡಿದು ಬಿಗಿದು ಕಂಬಳಿಯಾಯಿತು. ಕಿವಿಯ ಹಿಂದೆ ಕೈಯಿಟ್ಟರೆ ಕುಂಯ್ ಎಂದು ಮುದುಡಿಕೊಳ್ಳುತ್ತಿತ್ತು. ಕಂಕುಳಿನಿಂದ ಕೊಳೆತ ವಾಸನೆ. ಗಂಟನ್ನು ಸ್ವಲ್ಪ ಸರಿಸಿ ನೋಡಿದರೆ ಒಳಗೆ ಹಸಿಹುಣ್ಣು, ನೀರು ಸೋರುತ್ತಿತ್ತು. ಶಫಿ ಅಣ್ಣನನ್ನು ಕರೆದುಕೊಂಡು ಬಂದು ತೋರಿಸಿದೆ. ಮನ್ನತ್ ಎಲ್ಲ ಸಾಕು, ಈ ಜೀವ ಏನು ಪಾಪ ಮಾಡಿದೆ, ನಾಳೆಯೇ ತಂದು ಬೋಳಿಸು ಎಂದರು. ನನಗೂ ಹಾಗೇ ಅನ್ನಿಸಿತ್ತು, ಆದರೆ ಆಂಟಿಯನ್ನು ಕೇಳದೆ ಕೈ ಹಾಕುವಂತಿರಲಿಲ್ಲ.

ದೀಪಾವಳಿಗೆ ನಾಲ್ಕು ದಿನದ ಮಟ್ಟಿಗೆ ನಿತ್ಯಾಳನ್ನು ಮನೆಗೆ ಕಳಿಸಿದರು. ಹೋದೆ. ಬೀದಿಯಲ್ಲಿ ಹುಡುಗರು ಹಗಲಲ್ಲೇ ಪಟಾಕಿ ಹಚ್ಚುತ್ತಿದ್ದರು, ಪುರಿ ಒಂದೊಂದು ಸದ್ದಿಗೂ ನಡುಗುತ್ತಿತ್ತು. ನಿತ್ಯಾ ಕುರ್ಚಿಯಲ್ಲಿ ಕೂರಲಾರದೆ ಮಂಚವನ್ನೇ ಕಿಟಕಿಗೆ ಎಳೆಸಿಕೊಂಡಿದ್ದಳು. ಸ್ಕಾರ್ಫ್ ತೆಗೆದು, ನಲವತ್ತು ಅಲ್ವಾ ಎಂದು ತಾನೇ ಹೇಳಿದಳು. ನಾನು ಪುರಿಯ ಹುಣ್ಣು ತೋರಿಸಿದೆ. ಇವತ್ತು ಅಮ್ಮನಿಗೆ ಹೇಳಿ ಒಪ್ಪಿಸು ತಾಯಿ, ನಿನ್ನ ಮಾತಾದರೆ ಕೇಳುತ್ತಾರೆ ಎಂದೆ. ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು.

“ತೆಗೀಬೇಡಿ ರೇಣುಕಕ್ಕ. ನಂಗೆ ಇನ್ನು ಬರಲ್ಲ ಅಂತ ನಂಗೊತ್ತು. ಪುರಿದು ತೆಗೆದ್ರೆ ಅಮ್ಮಂಗೂ ಗೊತ್ತಾಗ್ಬಿಡತ್ತೆ.”

ಪುರಿಯ ಹತ್ರ ನಾನು ಕ್ಷಮೆ ಕೇಳಿದೆ ಅಂತ ಹೇಳಿ, ಸ್ವಲ್ಪ ದಿನ ತಡ್ಕೊಳ್ಳೋಕೆ ಹೇಳಿ ಎಂದು ಕಣ್ಣು ಮುಚ್ಚಿಕೊಂಡಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬಂತು, ಆ ತಾಯಿಯ ಮೇಲೆ ಬಂತು, ಎಲ್ಲರಿಗಿಂತ ಹೆಚ್ಚಾಗಿ ಆ ಭೈರವನ ಮೇಲೆ ಬಂತು. ತನ್ನ ವಾಹನ ಕೊಳೆಯುತ್ತಿರುವುದೂ ಕಾಣದ ದೇವರು ಯಾವ ಸೀಮೆ ದೇವರು ಎಂದು ಜಗಲಿಯ ಮೇಲೆ ಕೂತು ಮನಸಾರೆ ಬೈದೆ. ಬೈಯುತ್ತಲೇ ಪುಡಿ ಹಾಕಿ ಕಂಕುಳಿನ ಗಂಟು ಬಿಡಿಸಿದೆ. ಅಲ್ಲಿಂದ ದಿನಾ ಬೆಳಿಗ್ಗೆ ಪಾರ್ಲರಿಗೆ ಹೋಗುವ ಮುಂಚೆ ಹೊಸಹಳ್ಳಿಗೆ ಹೋಗುತ್ತಿದ್ದೆ. ಗಂಟಿನ ಸಂದಿಯಲ್ಲಿ ಬೆರಳು ತೂರಿಸಿ ಮುಲಾಮು ಹಚ್ಚುವುದು, ಒರೆಸುವುದು, ಮತ್ತೆ ಹಚ್ಚುವುದು. ಹುಣ್ಣು ಒಂದು ಕಡೆ ಒಣಗಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಪುರಿ ಕಚ್ಚುವುದನ್ನೂ ಬಿಟ್ಟುಬಿಟ್ಟಿತ್ತು, ಅದೇ ನನಗೆ ಹೆಚ್ಚು ಸಂಕಟ.

ಕಾರ್ತಿಕ ಮುಗಿಯುವುದರೊಳಗೆ ನಿತ್ಯಾ ಆಸ್ಪತ್ರೆಯಲ್ಲೇ ಹೋದಳು.

ಹಾಲುತುಪ್ಪದ ದಿನ ಹೋಗಿ ಬಂದೆ. ತಿಥಿ ಕಳೆದ ಮಾರನೇ ದಿನ ಆಂಟಿ ಪಾರ್ಲರು ತೆಗೆಯುವ ಹೊತ್ತಿಗೇ ಬಾಗಿಲಲ್ಲಿ ನಿಂತಿದ್ದರು, ಕಂಕುಳಲ್ಲಿ ಪುರಿ. ತೆಗೆದುಬಿಡಿ ಎಂದಷ್ಟೇ ಹೇಳಿದರು. ಶಫಿ ಅಣ್ಣ ಮೆಷಿನ್ನಿಗೆ ಹತ್ತನೇ ನಂಬರಿನ ಬ್ಲೇಡು ಹಾಕಿ ಎಣ್ಣೆ ಬಿಟ್ಟು ನನ್ನ ಕೈಗೆ ಕೊಟ್ಟರು. ಅಲ್ಲಿಯವರೆಗೆ ನಾನು ಅವರು ಮುಗಿಸಿದ ನಾಯಿಗಳ ಕಾಲು, ಹೊಟ್ಟೆ ಇಷ್ಟನ್ನೇ ಮಾಡಿದವಳು. ಪೂರ್ತಿ ನಾಯಿ ನನ್ನ ಕೈಗೆ ಬಂದದ್ದು ಅದೇ ಮೊದಲು. ಬೇಡ ಅಣ್ಣ, ನೀವೇ ಮಾಡಿ ಎಂದೆ. ಅದಕ್ಕೆ ನಿನ್ನ ಕೈ ಗೊತ್ತು ಎಂದು ಅವರು ಹೊರಗೆ ಹೋಗಿ ಶಟರ್ ಅರ್ಧಕ್ಕೆ ಎಳೆದರು.

ಆಂಟಿ ಹೊರಗೆ ಕೂರಲು ಒಪ್ಪಲಿಲ್ಲ. ಟೇಬಲ್ಲಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಪುರಿಯ ಮುಖ ಹಿಡಿದುಕೊಂಡರು. ನಾನು ಚರ್ಮ ಬಿಗಿಯಾಗಿ ಎಳೆದು ಬೆನ್ನಿನಿಂದ ಶುರು ಮಾಡಿದೆ. ಬ್ಲೇಡು ಗಂಟಿನ ಕೆಳಗೆ, ಚರ್ಮಕ್ಕೆ ಸಮನಾಗಿ ಮಲಗಿದಂತೆ ಹೋಗಬೇಕು. ಆತುರ ಮಾಡಿದರೆ ರಕ್ತ. ಎರಡು ಗೆರೆ ಎಳೆಯುವುದು, ಬ್ಲೇಡು ಮುಂಗೈಗೆ ತಾಗಿಸುವುದು, ಬಿಸಿಯಾಗಿದ್ದರೆ ಕಾಯುವುದು. ಕೂದಲು ಉದುರಲಿಲ್ಲ, ಕಂಬಳಿಯಂತೆ ಒಂದೇ ತುಂಡಾಗಿ ಮಡಚಿಕೊಂಡು ಎದ್ದು ಬಂತು. ಕೆಳಗಿಂದ ಕೆಂಪು ಚರ್ಮ, ಒಣಗಿದ ಹುಣ್ಣು, ಹಸಿ ಹುಣ್ಣು. ಅಷ್ಟು ದಪ್ಪಗೆ ಕಾಣುತ್ತಿದ್ದ ನಾಯಿ ಒಳಗೆ ಎಲುಬಿನ ಹಂದರವಾಗಿತ್ತು. ಒಂದು ಕಡೆಯೂ ಗಾಯ ಮಾಡಲಿಲ್ಲ. ಅದೊಂದು ಹೆಮ್ಮೆ ಎಂದು ಹೇಳಲೂ ನನಗೆ ನಾಚಿಕೆ.

ಕುತ್ತಿಗೆಯ ದೊಡ್ಡ ಗಂಟು ಕೊನೆಗೆ ಉಳಿಯಿತು, ಪುರಿ ನನಗೆ ಎಂದೂ ಮುಟ್ಟಗೊಡದಿದ್ದ ಗಂಟು. ಅದು ಕಳಚಿ ಟೇಬಲ್ಲಿನ ಮೇಲೆ ಬಿದ್ದಾಗ ಒಳಮೈ ಮೇಲಾಯಿತು. ಬಿಳಿ ರೋಮದ ನಡುವೆ ಕಪ್ಪಗೆ ಏನೋ ಸುತ್ತಿಕೊಂಡಿತ್ತು. ದಾರ ಇರಬೇಕು ಎಂದು ಎಳೆದೆ. ಉದ್ದಕ್ಕೆ ಬಂತು. ತುದಿ ಕೆಂಪಗಿತ್ತು.

ಆಂಟಿ ನನಗಿಂತ ಮುಂಚೆ ಗುರುತು ಹಿಡಿದರು. ನಿತ್ಯಾಳ ಕೂದಲು ದಿಂಬಿನ ಮೇಲೆ ಉದುರಿದಾಗ ಅದೇ ದಿಂಬಿನ ಮೇಲೆ ಮಲಗುತ್ತಿದ್ದ ನಾಯಿ, ಅಷ್ಟೂ ತಿಂಗಳು ಅದನ್ನು ಕುತ್ತಿಗೆಯಲ್ಲಿ ಹೊತ್ತುಕೊಂಡು ತಿರುಗಿತ್ತು. ಉಳಿದದ್ದನ್ನೆಲ್ಲ ಆಂಟಿ ಆಗಲೇ ಗುಡಿಸಿ ಎಸೆದಿದ್ದರಂತೆ, ಮನೆಯಲ್ಲಿ ಒಂದು ಎಳೆಯೂ ಇಲ್ಲವಂತೆ. ಅವರು ಆ ಗಂಟನ್ನು ಎರಡು ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು.

“ಬಿಡ್ಸಿ ಕೊಡಮ್ಮ. ನಿಂಗೆ ಬರ್ತದಲ್ಲ.”

ನೆಲದ ಮೇಲೆ ಕೂತೆ. ಪುಡಿ ಉದುರಿಸಿ, ತುದಿಯಿಂದ ಶುರು ಮಾಡಿ, ಬಿಳಿಯದನ್ನು ಒಂದು ಕಡೆ ಕಪ್ಪನ್ನು ಒಂದು ಕಡೆ ಹಾಕುತ್ತಾ ಹೋದೆ. ಹೊರಗೆ ಬಂದ ಗಿರಾಕಿಗಳನ್ನು ಶಫಿ ಅಣ್ಣ ಸಂಜೆ ಬನ್ನಿ ಎಂದು ಕಳಿಸುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತು ಕಳೆದುಹೋಯಿತು. ಕಣ್ಣು ಮಂಜಾಗುತ್ತಿತ್ತು, ಅತ್ತರೆ ಎಳೆ ಕಾಣುವುದಿಲ್ಲ ಎಂದು ಅಳು ನುಂಗುತ್ತಿದ್ದೆ. ಕೊನೆಗೆ ಉಳಿದದ್ದು ಕಿರುಬೆರಳಿಗಿಂತ ಸಣ್ಣಗಿನ ಒಂದು ಕಪ್ಪು ಕೂದಲಿನ ಕುಚ್ಚು. ಆಂಟಿ ಅದನ್ನು ಬೆರಳಿಗೆ ಸುತ್ತಿಕೊಂಡು ಎದೆಗೆ ಒತ್ತಿಕೊಂಡರು. ಹಾಗೆ ಬಾಗಿದಾಗ ತಲೆಯ ಸೆರಗು ಜಾರಿತು.

ಬೇಸಿಗೆಯ ಕೊನೆಗೆ ಬೆಟ್ಟದಲ್ಲಿ ಕೊಟ್ಟುಬಂದಿದ್ದ ಅವರ ಕೂದಲು, ಯಾರೂ ಗಮನಿಸದ ಹಾಗೆ, ಸೆರಗಿನ ಒಳಗೆ ಕಿವಿ ಮುಚ್ಚುವಷ್ಟು ಬೆಳೆದಿತ್ತು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

“ಆಂಟಿ, ಕ್ಲಿಪ್ಪು ಹಾಕೋಷ್ಟು ಬಂದಿದೆ” ಎಂದುಬಿಟ್ಟೆ.

ಅವರ ಕೈ ನಿಧಾನಕ್ಕೆ ಮೇಲೆ ಹೋಗಿ ತಲೆ ಮುಟ್ಟಿ ನೋಡಿಕೊಂಡಿತು. ಬೋಳು ಮೈಯ ಪುರಿ ಟೇಬಲ್ಲಿನ ಮೇಲೆ ಚಳಿಗೆ ನಡುಗುತ್ತಿತ್ತು. ಅದನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡರು.

“ಹೂಂ ಕಣಮ್ಮ. ಯಾರಿಗೆ ಬೇಡ್ಕೊಂಡ್ನೋ ಅವ್ಳಿಗೆ ಬರ್ಲಿಲ್ಲ. ನಂಗೆ ಬಂತು.”